ಒರೆಯೊಳಗಿನ ಪಿಸ್ತೂಲು: ಸಾರ್ವಜನಿಕ ಸ್ಥಳ, ಆಯುಧ ಮತ್ತು ಕಾನೂನು

1. ಮೂರು ಪ್ರಶ್ನೆಗಳು

ಪಿಸ್ತೂಲು ಅಥವಾ ರಿವಾಲ್ವರ್ ವಿಷಯದಲ್ಲಿ ಕಾನೂನು ಕೇಳುವ ಪ್ರಶ್ನೆಗಳು ಮೂರು: ಅದನ್ನು ಯಾರು ಇಟ್ಟುಕೊಳ್ಳಬಹುದು, ಎಲ್ಲಿಗೆ ಒಯ್ಯಬಹುದು, ಒಯ್ಯುವಾಗ ಅದು ನಾಲ್ಕು ಜನರ ಕಣ್ಣಿಗೆ ಬೀಳಬಹುದೆ. ಸಾಮಾನ್ಯವಾಗಿ ಚರ್ಚೆ ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತದೆ. ಲೈಸೆನ್ಸ್ ಉಂಟೆಂದು ತಿಳಿದರೆ ಮಾತು ಮುಗಿಯಿತು ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಲೈಸೆನ್ಸ್ ಪಡೆದವರೂ ಪಾಲಿಸಬೇಕಾದ ಕಟ್ಟಳೆಗಳು ಮನೆಯ ಹೊಸ್ತಿಲು ದಾಟಿದ ಮೇಲೆಯೇ ಹೆಚ್ಚು. ಬಸ್ ನಿಲ್ದಾಣ, ಸಂತೆ, ಜಾತ್ರೆ, ಶಾಲೆಯ ಆವರಣ, ಸ್ಮಾರಕ, ಅಭಯಾರಣ್ಯ – ಪ್ರತಿಯೊಂದಕ್ಕೂ ಒಂದೊಂದು ಕಟ್ಟಳೆ ಇದೆ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯ ಸೀಮೆಯಲ್ಲಿ ಈ ಬಗೆಯ ಸ್ಥಳಗಳೆಲ್ಲವೂ ಇರುವುದರಿಂದ, ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಈ ಸೀಮೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಅನುಕೂಲಕರ.

ಸಭಿಕರು ಆರಂಭದಲ್ಲೇ ಒಂದು ವೈರುಧ್ಯವನ್ನು ಗಮನಿಸಬಹುದು. ಉದ್ದ ನಳಿಗೆಯ ಬಂದೂಕಿಗಿಂತ ಪಿಸ್ತೂಲನ್ನು ಕಾನೂನು ಹೆಚ್ಚು ಅನುಮಾನದಿಂದ ಕಾಣುತ್ತದೆ. ಅಂಗಿಯೊಳಗೆ ಅಡಗಿಸಿಡಬಹುದಾದಷ್ಟು ಚಿಕ್ಕದಾಗಿರುವುದೇ ಇದಕ್ಕೆ ಕಾರಣ. ಅದೇ ಕಾನೂನು, ಪಿಸ್ತೂಲಿಗೆ ಪರವಾನಗಿ ಕೊಟ್ಟ ಮೇಲೆ, ಅದನ್ನು ಯಾರಿಗೂ ಕಾಣದಂತೆ ಮುಚ್ಚಿಯೇ ಒಯ್ಯಬೇಕೆಂದು ವಿಧಿಸುತ್ತದೆ. ಅಡಗುತ್ತದೆ ಎಂಬ ಅನುಮಾನವೂ ಅಡಗಿರಲಿ ಎಂಬ ಆಜ್ಞೆಯೂ ಒಂದೇ ಶಾಸನದಲ್ಲಿ ಹೇಗೆ ನಿಲ್ಲುತ್ತವೆ ಎಂಬುದು ಈ ಉಪನ್ಯಾಸ ಬಿಡಿಸಬೇಕಾದ ಗಂಟು.

2. ಪ್ರದರ್ಶನದಿಂದ ಪರವಾನಗಿಗೆ

ಆಯುಧವನ್ನು ಬಹಿರಂಗವಾಗಿ ಧರಿಸುವುದು ಅಧಿಕಾರದ ಗುರುತಾಗಿದ್ದ ಕಾಲಕ್ಕೆ ಹಂಪಿಯೇ ಸಾಕ್ಷಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಸಂದರ್ಭದ ಸೇನಾ ಪ್ರದರ್ಶನವನ್ನು ವಿವರಿಸುವಾಗ, ಬಿಲ್ಲಾಳುಗಳು ಮತ್ತು ಕತ್ತಿ-ಗುರಾಣಿಯವರ ಜತೆಗೆ ಬಂದೂಕು ಹಿಡಿದವರನ್ನೂ ಹೆಸರಿಸುತ್ತಾನೆ. ಅದೇ 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ಟೊವಾವೊ ಡಿ ಫಿಗೆರೆದೊ ಎಂಬಾತನ ಪೋರ್ಚುಗೀಸ್ ಬಂದೂಕುಧಾರಿಗಳು ಕೃಷ್ಣದೇವರಾಯನ ಪರವಾಗಿ ಕಾದಿದ್ದನ್ನು ಫೆರ್ನಾವೊ ನೂನಿಜ್ ದಾಖಲಿಸಿದ್ದಾನೆ. ನೂನಿಜ್‌ನ ಬರಹದಲ್ಲಿ ಈ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಸಂಗತಿಯಿದೆ. ದ್ವಂದ್ವಯುದ್ಧ ಮಾಡುವವರಿಗೆ ಆ ನಗರದಲ್ಲಿ ಬಹಳ ಗೌರವವಿತ್ತು. ಆದರೂ ಮಂತ್ರಿಯ ಅಪ್ಪಣೆ ಪಡೆಯದೆ ಯಾರೂ ಕಣಕ್ಕಿಳಿಯುವಂತಿರಲಿಲ್ಲ. ಶೌರ್ಯವನ್ನು ಮೆಚ್ಚುವ ರಾಜ್ಯವೂ ಆಯುಧ ಹಿರಿಯುವ ಮೊದಲು ಅನುಮತಿ ಕೇಳಿಸಿಕೊಳ್ಳುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಪರವಾನಗಿಯ ಕಲ್ಪನೆ ಈ ನೆಲಕ್ಕೆ ಬ್ರಿಟಿಷರಿಂದ ಮಾತ್ರ ಬಂದದ್ದಲ್ಲ.

ವಿಜಯನಗರದ ಪತನಾನಂತರ ಆಯುಧಬಲ ಪಾಳೆಯಪಟ್ಟುಗಳಲ್ಲಿ ಹಂಚಿಹೋಯಿತು. 1800ರಲ್ಲಿ ನಿಜಾಮನು ಬಳ್ಳಾರಿಯೂ ಸೇರಿದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ, ಅಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎದುರಿಸಿದ ಮೊದಲ ಸಮಸ್ಯೆ ಪಾಳೆಯಗಾರರ ಶಸ್ತ್ರಧಾರಿ ಆಳುಗಳದ್ದು. 1807ರವರೆಗಿನ ತನ್ನ ಅವಧಿಯಲ್ಲಿ ಅವನು ಪಾಳೆಯಗಾರರ ಪಡೆಗಳನ್ನು ಚದುರಿಸಿ, ಕಂದಾಯ ವಸೂಲಿಯ ಅಧಿಕಾರವನ್ನು ಅವರ ಕೈಯಿಂದ ಬಿಡಿಸಿದ. ಈ ಸೀಮೆಯ ಮಟ್ಟಿಗೆ, ಖಾಸಗಿಯವರ ಆಯುಧಬಲವನ್ನು ತೆಗೆದು ಅದನ್ನು ಸರ್ಕಾರದ ಏಕಸ್ವಾಮ್ಯವಾಗಿಸುವ ಕೆಲಸ ಶುರುವಾದದ್ದು ಆಗ.

ಶಾಸನದ ರೂಪದಲ್ಲಿ ಅದು ಬಂದದ್ದು 1857ರ ದಂಗೆಯ ಹೊತ್ತಿಗೆ. ಆ ವರ್ಷ ಜಾರಿಯಾದ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಕಂಪನಿಯ ಸೇನೆ ಊರನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಬೇಡರ ಲಾವಣಿ ಇಂದಿಗೂ ಕನ್ನಡ ನಾಡಿನಲ್ಲಿ ಪ್ರಸಿದ್ಧ. ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು ಮತ್ತು ಮಾನ ಎರಡೂ ಆಗಿದ್ದವು ಎಂಬುದು ಆ ಪ್ರತಿರೋಧದ ತಿರುಳು. ಮುಂದೆ 1878ರಲ್ಲಿ ಬಂದ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಯುರೋಪಿಯನ್ನರನ್ನು ಅದರಿಂದ ಹೊರಗಿರಿಸಿತು. ಕಾಂಗ್ರೆಸ್ ಈ ಕಾಯ್ದೆಯನ್ನು ದಶಕಗಳ ಕಾಲ ವಿರೋಧಿಸಲು ಈ ತಾರತಮ್ಯವೂ ಒಂದು ಕಾರಣ.

ಆ ಕಾಲದ ಆಡಳಿತ ನಕ್ಷೆಯೂ ಈಗಿನಂತಿರಲಿಲ್ಲ. ಹೊಸಪೇಟೆ ಮತ್ತು ಕಂಪ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಸಂಡೂರು 1949ರಲ್ಲಿ ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರು ರಾಜ್ಯದ ಭಾಗವಾಯಿತು.

3. ಹಕ್ಕಾಗದೆ ಉಳಿದ ಬೇಡಿಕೆ

1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಸ್ವಾತಂತ್ರ್ಯದ ಹಕ್ಕುಗಳ ಚರ್ಚೆ ನಡೆದಾಗ, ಮಂಗಳೂರು ಮೂಲದ ಸದಸ್ಯ ಹರಿ ವಿಷ್ಣು ಕಾಮತ್ ಈ ಬೇಡಿಕೆಯನ್ನು ತಿದ್ದುಪಡಿಯ ರೂಪದಲ್ಲಿ ಮಂಡಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಪರಕೀಯ ಆಳ್ವಿಕೆ ಜನರನ್ನು ನಿಶ್ಶಸ್ತ್ರಗೊಳಿಸಿದ್ದಾಗ ಹುಟ್ಟಿದ ಬೇಡಿಕೆ ಅದು. ಸ್ವತಂತ್ರ ದೇಶದಲ್ಲಿ ಪ್ರತಿಯೊಬ್ಬರೂ ಪೇಟೆಗೆ ಹೋಗಿ ಇಷ್ಟಬಂದ ಆಯುಧ ಕೊಳ್ಳುವಂತಾದರೆ ಆಡಳಿತ ನಡೆಯುವುದು ಹೇಗೆ ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು.

ಸಂವಿಧಾನದಲ್ಲಿ ಉಳಿದದ್ದು ಅದಕ್ಕೆ ತದ್ವಿರುದ್ಧವಾದ ಒಂದು ಮಾತು. 19ನೆಯ ಅನುಚ್ಛೇದವು ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಕೊಡುತ್ತದೆ. ಜನ ಒಂದೆಡೆ ಸೇರುವುದು ಸ್ವಾತಂತ್ರ್ಯ. ಅಲ್ಲಿಗೆ ಆಯುಧ ಬಂದರೆ ಆ ಸ್ವಾತಂತ್ರ್ಯದ ರಕ್ಷಣೆ ತಪ್ಪುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಆಯುಧದ ಮೇಲಿರುವ ಎಲ್ಲ ನಿರ್ಬಂಧಗಳ ತಾಯಿಬೇರು ಈ ಮಾತು. 2023ರ ಫೆಬ್ರವರಿಯಲ್ಲಿ ಪರವಾನಗಿ ಇಲ್ಲದ ಬಂದೂಕುಗಳ ಹಾವಳಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್ ಕೂಡ, ಅಮೆರಿಕದಂತೆ ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂಬ ವ್ಯತ್ಯಾಸವನ್ನು ಎತ್ತಿ ಹೇಳಿತು.

4. ಇಟ್ಟುಕೊಳ್ಳುವ ಅನುಮತಿ

ಇಂದು ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದು 1962ರ ಅಕ್ಟೋಬರ್ 1ರಿಂದ ಚಾಲ್ತಿಗೆ ಬಂತು. ಆಯುಧಗಳ ವಿಷಯ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರುವುದರಿಂದ ಕಾಯ್ದೆ ಇಡೀ ದೇಶಕ್ಕೆ ಒಂದೇ. ಕಾಯ್ದೆಯ 3ನೆಯ ಕಲಂ ಬಂದೂಕನ್ನು ಪಡೆಯುವುದು, ಇಟ್ಟುಕೊಳ್ಳುವುದು, ಒಯ್ಯುವುದು ಎಲ್ಲಕ್ಕೂ ಪರವಾನಗಿ ಬೇಕೆನ್ನುತ್ತದೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೊದಲು ಮೂರಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಸಾಮಾನ್ಯ ನಿಯಮದಂತೆ 21 ವರ್ಷ ತುಂಬದವರಿಗೆ ಬಂದೂಕಿಲ್ಲ.

ಪರವಾನಗಿ ನೀಡುವ 13ನೆಯ ಕಲಂ ಬಂದೂಕುಗಳನ್ನು ಎರಡು ತೆರನಾಗಿ ಕಾಣುತ್ತದೆ. ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕನ್ನು ರಕ್ಷಣೆ ಅಥವಾ ಕ್ರೀಡೆಗಾಗಿ ಕೇಳಿದರೆ, ಅಥವಾ ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ರಕ್ಷಣೆಗಾಗಿ ಕೇಳಿದರೆ, ಅಡ್ಡಿಯಾಗುವ ಕಾರಣಗಳಿಲ್ಲದಿದ್ದರೆ ಅಧಿಕಾರಿ ಪರವಾನಗಿ ಕೊಡಬೇಕು. ಪಿಸ್ತೂಲು, ರಿವಾಲ್ವರ್ ಆದರೆ ಅರ್ಜಿದಾರರೇ ತಕ್ಕ ಕಾರಣ ತೋರಿಸಬೇಕು. ಆರಂಭದಲ್ಲಿ ಹೇಳಿದ ಅನುಮಾನ ನೆಲೆಗೊಂಡಿರುವುದು ಇಲ್ಲಿ: ಹೊಲದ ಬದುವಿನಲ್ಲಿ ಹಂದಿ ಕಾಯುವವರ ಬಂದೂಕು ಹತ್ತು ಮಾರು ದೂರಕ್ಕೂ ಕಾಣುತ್ತದೆ, ಜೇಬಿನ ಪಿಸ್ತೂಲು ಪಕ್ಕದಲ್ಲಿ ಕುಳಿತವರಿಗೂ ಕಾಣದು. ಇದೇ ಕಾಯ್ದೆಯ 14ನೆಯ ಕಲಂ, ಸಾಕಷ್ಟು ಆಸ್ತಿ ಇಲ್ಲ ಎಂಬ ಕಾರಣವೊಂದರಿಂದಲೇ ಪರವಾನಗಿ ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ಬಂದೂಕು ಸಿರಿವಂತಿಕೆಯ ಲಾಂಛನವಲ್ಲ ಎಂಬ ಗಣರಾಜ್ಯದ ನಿಲುವು ಆ ವಾಕ್ಯದಲ್ಲಿದೆ.

ಪರವಾನಗಿ ಪ್ರಾಧಿಕಾರ ಯಾರೆಂಬುದು ಈ ಸೀಮೆಯಲ್ಲಿ ಸ್ವಲ್ಪ ವಿವರಿಸಬೇಕಾದ ಸಂಗತಿ. ಪೊಲೀಸ್ ಕಮಿಷನರೇಟ್ ಇಲ್ಲದ ಕಡೆ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಯದು. ನಿಷೇಧಿತ ವರ್ಗದ ಆಯುಧಗಳು ಮಾತ್ರ ಕೇಂದ್ರ ಗೃಹ ಸಚಿವಾಲಯದ ಪಾಲು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಮತ್ತು ಹಂಪಿ ಅದಕ್ಕೆ ಸೇರಿದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿ ಉಳಿದವು. ಹಂಪಿಯಿಂದ ತುಂಗಭದ್ರೆ ದಾಟಿ ಆನೆಗೊಂದಿಗೆ ಕಾಲಿಟ್ಟರೆ ಕೊಪ್ಪಳ ಜಿಲ್ಲೆ. ಪರವಾನಗಿ ಅದರಲ್ಲಿ ನಮೂದಾದ ಪ್ರದೇಶಕ್ಕೆ ಮಾತ್ರ ಸಲ್ಲುವುದರಿಂದ, ಅರ್ಧ ದಿನದಲ್ಲಿ ಮೂರು ಜಿಲ್ಲೆ ಮುಟ್ಟಿ ಬರುವ ಈ ಸೀಮೆಯ ಪರವಾನಗಿದಾರರು ಆ ಕಲಮನ್ನು ಓದಿಕೊಂಡಿರಬೇಕಾಗುತ್ತದೆ.

5. ಒಯ್ಯುವ ರೀತಿ

1962ರ ನಿಯಮಗಳ ಸ್ಥಾನದಲ್ಲಿ ಬಂದ 2016ರ ಶಸ್ತ್ರಾಸ್ತ್ರ ನಿಯಮಗಳು ಬಹಿರಂಗ ಧಾರಣೆಯ ಪ್ರಶ್ನೆಗೆ ನೇರ ಉತ್ತರ ಕೊಡುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್ ಒಯ್ಯುವವರು ಅದನ್ನು ಮೈಗೆ ಕಟ್ಟಿದ, ಅದಕ್ಕೆಂದೇ ಮಾಡಿದ ಒರೆಯಲ್ಲಿ ಅಥವಾ ಚೀಲದಲ್ಲಿ ಇಟ್ಟಿರಬೇಕು. ಬೇರೆ ಬಂದೂಕುಗಳಿಗೆ ತಕ್ಕ ಕವಚವಿರಬೇಕು. ಆಯುಧ ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವರ ಹತೋಟಿಯಲ್ಲಿರಬೇಕು. ಇಲ್ಲಿ ಎರಡು ಉದ್ದೇಶಗಳು ಕೂಡಿವೆ. ಮುಚ್ಚಿರುವುದರಿಂದ ನೋಡುವವರಿಗೆ ಬೆದರಿಕೆ ಇಲ್ಲ; ಹತೋಟಿಯಲ್ಲಿರುವುದರಿಂದ ಕಸಿಯುವವರಿಗೆ ಅವಕಾಶವಿಲ್ಲ. ಮದುವೆ, ಸಭೆ, ಮೆರವಣಿಗೆಗಳಲ್ಲಿ ಬಂದೂಕು ಝಳಪಿಸುವುದು, ಗಾಳಿಯಲ್ಲಿ ಹಾರಿಸುವುದು ಪರವಾನಗಿಗೇ ಕುತ್ತು ತರುವ ತಪ್ಪುಗಳು.

ಪರವಾನಗಿಯ ಜತೆಗೆ ಬರುವ ಷರತ್ತುಗಳು ಇದಕ್ಕಿಂತ ಹಳೆಯವು. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅನುಮತಿ ಇಲ್ಲದೆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಇತರ ಜನಸಮೂಹಕ್ಕೆ ಅಥವಾ ಶಿಕ್ಷಣ ಸಂಸ್ಥೆಯ ಆವರಣಕ್ಕೆ ಒಯ್ಯುವಂತಿಲ್ಲ. ಇಲ್ಲಿ ಒರೆಯೊಳಗಿದೆ ಎಂಬ ಸಮಜಾಯಿಷಿಯೂ ಸಲ್ಲದು. ಹಂಪಿಯ ವಿರೂಪಾಕ್ಷನ ರಥೋತ್ಸವ, ಹಂಪಿ ಉತ್ಸವ, ಸಂಡೂರಿನ ಕುಮಾರಸ್ವಾಮಿ ಜಾತ್ರೆ – ಇವೆಲ್ಲ ಈ ಷರತ್ತಿನ ವ್ಯಾಪ್ತಿಗೆ ಬರುವ ಕೂಟಗಳು. ತೇರು ಎಳೆಯುವ ನೂಕುನುಗ್ಗಲಿನಲ್ಲಿ ಒಂದು ಗುಂಡಿನ ಸದ್ದು ಗುಂಡಿಗಿಂತ ಹೆಚ್ಚು ಅನಾಹುತ ಮಾಡಬಲ್ಲದು ಎಂಬುದನ್ನು ನೆನೆದರೆ ಷರತ್ತಿನ ಔಚಿತ್ಯ ತಿಳಿಯುತ್ತದೆ.

ಮುಚ್ಚಿದ ಆಯುಧವನ್ನು ಪೊಲೀಸರು ತಪಾಸಿಸುವುದು ಹೇಗೆ? ಕಾಯ್ದೆಯ 19ನೆಯ ಕಲಂ ಆಯುಧ ಒಯ್ಯುವವರಿಂದ ಪರವಾನಗಿ ತೋರಿಸುವಂತೆ ಕೇಳುವ ಅಧಿಕಾರವನ್ನು ಪೊಲೀಸ್ ಅಧಿಕಾರಿಗೆ ಕೊಡುತ್ತದೆ. 20ನೆಯ ಕಲಂ ಇನ್ನೂ ಮುಂದೆ ಹೋಗುತ್ತದೆ: ಅನುಮಾನಾಸ್ಪದವಾಗಿ ಆಯುಧ ಸಾಗಿಸುವವರನ್ನು ಮ್ಯಾಜಿಸ್ಟ್ರೇಟರು, ಪೊಲೀಸರು ಮಾತ್ರವಲ್ಲದೆ ರೈಲು ಮತ್ತಿತರ ವಾಹನಗಳಲ್ಲಿ ಕೆಲಸ ಮಾಡುವವರೂ ವಾರಂಟ್ ಇಲ್ಲದೆ ಹಿಡಿಯಬಹುದು. ಹೊಸಪೇಟೆ ಜಂಕ್ಷನ್ನಿನ ರೈಲ್ವೆ ನೌಕರರಿಗೂ ಕಂಪ್ಲಿ ಬಸ್ಸಿನ ಕಂಡಕ್ಟರರಿಗೂ ಆ ಮಟ್ಟಿಗೆ ಕಾನೂನಿನ ಬಲವಿದೆ. ಇವುಗಳ ಹಿಂದೆ ನೋಂದಣಿಯ ವ್ಯವಸ್ಥೆಯಿದೆ. ಪ್ರತಿ ಪರವಾನಗಿದಾರರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇದ್ದು, ವಿವರಗಳು ರಾಷ್ಟ್ರೀಯ ದತ್ತಾಂಶದಲ್ಲಿ ದಾಖಲಾಗಿರುತ್ತವೆ.

ಆರಂಭದ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಕಾನೂನಿಗೆ ಭಯವಿರುವುದು ಸರ್ಕಾರಕ್ಕೆ ಗೊತ್ತಿಲ್ಲದ ಪಿಸ್ತೂಲಿನದು. ದಫ್ತರಿನಲ್ಲಿ ಅದು ಕಂಡ ಮೇಲೆ ಸಂತೆಯಲ್ಲಿ ಕಾಣಬೇಕಾದ ಅಗತ್ಯವಿಲ್ಲ. ಸಂತೆಯಲ್ಲಿ ಕಂಡರೆ ಅದು ಆತ್ಮರಕ್ಷಣೆಯ ಸಾಧನವಾಗಿ ಉಳಿಯದೆ ಮಾತಾಡತೊಡಗುತ್ತದೆ: ಸಾಲ ವಸೂಲಿಯ ಮಾತುಕತೆಯಲ್ಲಿ, ಜಮೀನಿನ ತಕರಾರಿನಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಸೊಂಟದ ಪಿಸ್ತೂಲು ಎದುರಿನವರ ಬಾಯಿ ಕಟ್ಟಿಸಬಲ್ಲದು. ಒಂದೂ ಗುಂಡು ಹಾರದೆ ನಡೆಯುವ ಈ ಬಲಾತ್ಕಾರವನ್ನು ತಡೆಯುವುದು ಒರೆಯ ನಿಯಮದ ಕೆಲಸ.

ಶಿಕ್ಷೆಯ ಪ್ರಮಾಣವೂ ಈ ವಿಂಗಡಣೆಯನ್ನು ಅನುಸರಿಸುತ್ತದೆ. ಪರವಾನಗಿ ಇಲ್ಲದೆ ಬಂದೂಕು ಹೊಂದಿದರೆ ಅಥವಾ ಒಯ್ದರೆ, 2019ರ ತಿದ್ದುಪಡಿಯ ನಂತರ, ಎರಡರಿಂದ ಐದು ವರ್ಷದ ಸೆರೆವಾಸ. ನಿಷೇಧಿತ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ. ಪರವಾನಗಿ ಇದ್ದು ಷರತ್ತು ಮೀರಿದರೆ 30ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ಜತೆಗೆ ಪರವಾನಗಿ ಅಮಾನತು, ರದ್ದತಿ. ಸಂಭ್ರಮದ ನೆಪದಲ್ಲಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂಬ ಹೊಸ ಅಪರಾಧವನ್ನು ಅದೇ ತಿದ್ದುಪಡಿ ಸೇರಿಸಿತು.

6. ಸ್ಥಳಕ್ಕೆ ತಕ್ಕ ಕಟ್ಟಳೆ

ಶಸ್ತ್ರಾಸ್ತ್ರ ಕಾಯ್ದೆಯ ಮೇಲೆ ಸ್ಥಳವಿಶೇಷದ ಶಾಸನಗಳ ಪದರಗಳಿವೆ. ಸಂರಕ್ಷಿತ ಸ್ಮಾರಕಗಳ ಒಳಗೆ ಬಂದೂಕು ಹಾರಿಸುವುದನ್ನು ಪ್ರಾಚೀನ ಸ್ಮಾರಕಗಳ 1959ರ ನಿಯಮಗಳು ನಿಷೇಧಿಸುತ್ತವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ, ಒಂದು ಕಾಲಕ್ಕೆ ಸೇನೆಯ ಪ್ರದರ್ಶನಕ್ಕೆ ಸಾಕ್ಷಿಯಾದ ಮಹಾನವಮಿ ದಿಬ್ಬವೂ ಈ ರಕ್ಷಣೆಯಲ್ಲಿದೆ.

1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮ ಎರಡನೆಯ ಪದರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೆಯ ಕಲಂ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು ತಡೆಯುತ್ತದೆ. 34ನೆಯ ಕಲಂ ಅದರ ಗಡಿಯನ್ನೂ ಮೀರಿ ಚಾಚುತ್ತದೆ: ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರು ನೋಂದಾಯಿಸಬೇಕು, ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಇಲ್ಲದೆ ಆ ವಲಯದಲ್ಲಿ ಹೊಸ ಪರವಾನಗಿ ಕೊಡುವಂತಿಲ್ಲ. ದರೋಜಿ, ರಾಮಸಾಗರ, ಕಮಲಾಪುರದ ಸುತ್ತಲಿನ ರೈತರಿಗೆ ಇದು ಹಗುರವಾದ ಮಾತಲ್ಲ. ಕರಡಿ, ಹಂದಿ ಬೆಳೆಗೆ ನುಗ್ಗುವ ಕಡೆಯಲ್ಲೇ ಬಂದೂಕಿನ ಅಗತ್ಯವೂ ಹೆಚ್ಚು, ಅದಕ್ಕಿರುವ ತಡೆಯೂ ಹೆಚ್ಚು.

ಮೂರನೆಯದು ಸಂದರ್ಭಕ್ಕೆ ತಕ್ಕಂತೆ ಬಂದುಹೋಗುವ ಆದೇಶಗಳು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೆಯ ಕಲಂ ಶಾಂತಿಪಾಲನೆಗಾಗಿ ಗೊತ್ತಾದ ಸ್ಥಳದಲ್ಲಿ ಬಂದೂಕು, ಕತ್ತಿ, ಭರ್ಚಿ, ದೊಣ್ಣೆ ಒಯ್ಯುವುದನ್ನು ನಿಷೇಧಿಸಲು ಅವಕಾಶ ಕೊಡುತ್ತದೆ. 2024ರ ಜುಲೈ 1ರಿಂದ ನಿಷೇಧಾಜ್ಞೆ ಹೊರಡಿಸಲು ಬಳಸುತ್ತಿದ್ದ ಹಳೆಯ 144ನೆಯ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ ಬಂದಿದೆ. ಚುನಾವಣೆ ಘೋಷಣೆಯಾದಾಗ ಜಿಲ್ಲಾ ಮಟ್ಟದ ಸಮಿತಿ ಪರವಾನಗಿಗಳನ್ನು ಪರಿಶೀಲಿಸಿ, ಅಗತ್ಯವೆನಿಸಿದವರಿಂದ ಆಯುಧಗಳನ್ನು ಠೇವಣಿ ಇರಿಸಿಕೊಂಡು, ಫಲಿತಾಂಶದ ನಂತರ ಮರಳಿಸುವ ಪದ್ಧತಿಯಿದೆ.

7. ಹೊರತಾದವರು

ಪೊಲೀಸರ ಸೊಂಟದ ರಿವಾಲ್ವರ್ ಬಹಿರಂಗವಾಗಿಯೇ ಇರುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರ ಆಯುಧಗಳನ್ನು 45ನೆಯ ಕಲಂ ಕಾಯ್ದೆಯ ಹೊರಗಿರಿಸಿದೆ. ಕಾಣುವ ಆಯುಧ ಸಮವಸ್ತ್ರದ ಭಾಗ, ಖಾಸಗಿಯವರದು ಒರೆಯ ಒಳಗೆ ಎಂಬ ಈ ಹಂಚಿಕೆ ಮೇಲಿನ ತತ್ತ್ವಕ್ಕೆ ಅನುಗುಣವಾಗಿದೆ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೆಯ ಅನುಚ್ಛೇದದ ವಿವರಣೆಯೇ ರಕ್ಷಣೆ ಕೊಟ್ಟಿದೆ.

ಕರ್ನಾಟಕದ ವಿಶಿಷ್ಟ ಅಪವಾದ ಕೊಡಗಿನದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಸಮುದಾಯದ ಆಚಾರವನ್ನು ಕಾನೂನು ಹೀಗೆ ಮನ್ನಿಸಿದೆ. ಆದರೆ ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ. ಕೋವಿಯನ್ನು ದುರ್ಬಳಕೆ ಮಾಡಿದರೆ ಆಗುವ ಶಿಕ್ಷೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಹಲಗಲಿಯ ಬೇಡರಿಂದ ಆಯುಧ ಕಸಿದುಕೊಂಡ ಆಳ್ವಿಕೆಯೇ ಕೊಡವರ ಕೋವಿಯನ್ನು ಅವರಲ್ಲೇ ಬಿಟ್ಟಿತೆಂಬುದು, ವಿನಾಯಿತಿಗಳ ಹಿಂದೆ ತತ್ತ್ವದಷ್ಟೇ ರಾಜಕಾರಣವೂ ಇರುತ್ತದೆಂಬುದಕ್ಕೆ ನಿದರ್ಶನ.

8. ಹೊರನಾಡಿನ ದಾರಿಗಳು ಮತ್ತು ಒಂದು ಆಕ್ಷೇಪ

ಅಮೆರಿಕದಲ್ಲಿ ವಾದದ ಆರಂಭಬಿಂದುವೇ ಬೇರೆ. ಅಲ್ಲಿ ಆಯುಧ ಹೊಂದುವುದು ಸಂವಿಧಾನದ ಎರಡನೆಯ ತಿದ್ದುಪಡಿಯ ಹಕ್ಕು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯ ಹೊರಗೆ ಪಿಸ್ತೂಲು ಒಯ್ಯುವುದಕ್ಕೂ ಆ ಹಕ್ಕನ್ನು ವಿಸ್ತರಿಸಿತು. ಹಾಗಾಗಿ ಅಲ್ಲಿ ನಿರ್ಬಂಧ ಹೇರುವ ಸರ್ಕಾರವೇ ಸಮರ್ಥನೆ ಒದಗಿಸಬೇಕು. ಕ್ಯಾಲಿಫೋರ್ನಿಯಾ 1967ರಲ್ಲಿ ಗುಂಡು ತುಂಬಿದ ಬಂದೂಕುಗಳ, 2012ರಿಂದ ಗುಂಡಿಲ್ಲದ ಪಿಸ್ತೂಲುಗಳ ಬಹಿರಂಗ ಧಾರಣೆಯನ್ನು ನಿರ್ಬಂಧಿಸಿತು. ಇತರ ಅನೇಕ ರಾಜ್ಯಗಳಲ್ಲಿ ಅದಕ್ಕೆ ಅನುಮತಿಯಿದೆ. ಬ್ರಿಟನ್ ಮತ್ತೊಂದು ತುದಿ. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ಮರುವರ್ಷ ಅಲ್ಲಿ ಖಾಸಗಿ ಪಿಸ್ತೂಲುಗಳನ್ನೇ ಬಹುಮಟ್ಟಿಗೆ ನಿಷೇಧಿಸಲಾಯಿತು. ಭಾರತ ಇವೆರಡರ ನಡುವೆ ನಿಂತಿದೆ: ಕಾರಣ ತೋರಿಸಿದವರಿಗೆ ಪಿಸ್ತೂಲು ಉಂಟು, ಅದನ್ನು ಮೆರೆಸುವ ಹಕ್ಕು ಇಲ್ಲ.

ಈ ವ್ಯವಸ್ಥೆಗೆ ಎದುರಾಗುವ ಮುಖ್ಯ ಆಕ್ಷೇಪ ಹೀಗಿದೆ: ನಿಯಮಗಳೆಲ್ಲ ಪರವಾನಗಿ ಪಡೆದವರನ್ನೇ ಬಿಗಿಯುತ್ತವೆ, ನಾಡ ಪಿಸ್ತೂಲು ಇಟ್ಟುಕೊಂಡವರು ಯಾವ ಷರತ್ತನ್ನೂ ಓದುವುದಿಲ್ಲ. ಆಕ್ಷೇಪದಲ್ಲಿ ಹುರುಳಿದೆ. ಕಳ್ಳ ಆಯುಧವನ್ನು ತಡೆಯುವುದು ಒರೆಯ ನಿಯಮದ ಕೈಲಾಗದು. ಅದಕ್ಕೆ ತಯಾರಿಕೆ, ಸಾಗಣೆಗಳ ಮೇಲಿನ ನಿಗಾ, ತ್ವರಿತ ತನಿಖೆ ಮತ್ತು ಶಿಕ್ಷೆ ಬೇಕು. ಆದರೆ ಮುಚ್ಚಿ ಒಯ್ಯುವ ನಿಯಮದಿಂದ ಪೊಲೀಸರಿಗೆ ಒಂದು ಉಪಕಾರವುಂಟು. ಖಾಸಗಿಯವರ ಸೊಂಟದಲ್ಲಿ ತೆರೆದ ಪಿಸ್ತೂಲು ಕಂಡರೆ, ಪರವಾನಗಿ ಇದ್ದರೂ ಇಲ್ಲದಿದ್ದರೂ, ಅಲ್ಲೊಂದು ಉಲ್ಲಂಘನೆ ಆಗಿದೆ ಎಂಬುದು ಖಚಿತ. ಬಹಿರಂಗ ಧಾರಣೆಗೆ ಅನುಮತಿ ಇರುವ ಕಡೆ ಈ ಖಚಿತತೆ ಸಿಗದು. ಕಂಡ ಪ್ರತಿ ಪಿಸ್ತೂಲಿನ ಹಿಂದಿನ ಕಾಗದವನ್ನು ಹುಡುಕಬೇಕಾಗುತ್ತದೆ.

ಹೀಗೆ 1959ರ ಕಾಯ್ದೆ, 2016ರ ನಿಯಮಗಳು, 2019ರ ತಿದ್ದುಪಡಿ ಹಾಗೂ ಸ್ಥಳವಿಶೇಷದ ಶಾಸನಗಳು ಕೂಡಿ ಮೂರು ಪ್ರಶ್ನೆಗಳಿಗೂ ಉತ್ತರ ಹೇಳಿವೆ. ಪಿಸ್ತೂಲನ್ನು ಕಾರಣ ತೋರಿಸಿ ಪರವಾನಗಿ ಪಡೆದವರು ಇಟ್ಟುಕೊಳ್ಳಬಹುದು. ಪರವಾನಗಿಯಲ್ಲಿ ಬರೆದ ಸೀಮೆಯೊಳಗೆ, ಜಾತ್ರೆ, ಶಾಲೆ, ಅಭಯಾರಣ್ಯಗಳನ್ನು ಬಿಟ್ಟು ಒಯ್ಯಬಹುದು. ಒಯ್ಯುವಾಗ ಅದು ಒರೆಯಲ್ಲಿ, ಮುಚ್ಚಿ, ಹತೋಟಿಯಲ್ಲಿ ಇರಬೇಕು.